ಹನ್ನೆರಡು ಹಾಳೆಗಳಿಗೆ ಬಣ್ಣ ತುಂಬಿದ್ದು

ಈ ಕಥೆಯನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಮಗಳ ಕೈ ಹಿಡಿದು ಬಣ್ಣ ತುಂಬಿಸಿದವರು ನಮ್ಮ ಅತ್ತೆ. ಮೈಸೂರಿನಿಂದ ಮೂರು ತಿಂಗಳ ವೀಸಾದಲ್ಲಿ ಬಂದಿದ್ದ, ಮೊಮ್ಮಗಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದ ಅತ್ತೆ. ಕೇಳಿದವರು ನಗುತ್ತಾರೆ, ಅಜ್ಜಿಯರೇ ಹಾಗೆ ಅನ್ನುತ್ತಾರೆ, ಅಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ಕಥೆ ಇಷ್ಟು ಚೆನ್ನಾಗಿ ಕೂರುತ್ತದೆ ಎಂಬುದೇ ಅದನ್ನು ಅನುಮಾನಿಸಲು ಸಾಕು. ಆ ಹಾಳೆಗಳು ಇನ್ನೂ ನನ್ನ ಬಳಿ ಇವೆ. ಪ್ರತಿಯೊಂದರ ಹಿಂದೆಯೂ ನನ್ನದೇ ಅಕ್ಷರದಲ್ಲಿ ತಾರೀಖು ಇದೆ. ಮೊದಲ ಆರು ಹಾಳೆಗಳ ತಾರೀಖಿನಂದು ಅತ್ತೆ ಇನ್ನೂ ಮೈಸೂರಿನಲ್ಲೇ ಇದ್ದರು.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ.

ನಾವಿರುವುದು ಡಚ್ಚರ ದೇಶದ ಐಂಡ್‌ಹೋವನ್‌ನಲ್ಲಿ. ಗಂಡನಿಗೆ ಚಿಪ್ ತಯಾರಿಸುವ ಯಂತ್ರಗಳ ಕೆಲಸ. ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಮಗಳಿಗೆ ಆಗ ಐದು ತುಂಬಿ ಆರು ನಡೆಯುತ್ತಿತ್ತು. ಶಾಲೆಯಲ್ಲಿ ಗ್ರೂಪ್ ಟೂ. ಇಲ್ಲಿ ಗ್ರೂಪ್ ಟೂ ಅಂದರೆ ಆಟ, ಹಾಡು, ಮರಳು. ಓದು ಬರಹ ಶುರುವಾಗುವುದು ಗ್ರೂಪ್ ತ್ರೀಯಲ್ಲಿ. ಮಗಳಿಗೆ ಒಬ್ಬಳೇ ಗೆಳತಿ, ಪಕ್ಕದ ಬೀದಿಯ ಡಚ್ ಹುಡುಗಿ. ಇಬ್ಬರೂ ಗ್ರೂಪ್ ತ್ರೀಯಲ್ಲಿ ಒಂದೇ ಬೆಂಚಿನಲ್ಲಿ ಕೂರುವುದೆಂದು ಆಗಲೇ ಮಾತಾಡಿಕೊಂಡಿದ್ದರು.

ಫೆಬ್ರವರಿಯಲ್ಲಿ ಟೀಚರ್ ಕರೆದರು. ಇಲ್ಲಿಯ ಮಕ್ಕಳು ಟೀಚರನ್ನು 'ಯುಫ್' ಎನ್ನುತ್ತಾರೆ; ನಾವೂ ಹಾಗೇ ಅನ್ನುವುದು. ಆ ಭೇಟಿಗೆ 'ಹತ್ತು ನಿಮಿಷದ ಮಾತುಕತೆ' ಎಂದೇ ಹೆಸರು, ಮತ್ತು ಅದು ಹತ್ತೇ ನಿಮಿಷ. ಹನ್ನೊಂದನೆಯ ನಿಮಿಷಕ್ಕೆ ಮುಂದಿನ ಅಪ್ಪ ಅಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ನಾನು ಮಕ್ಕಳ ಕುರ್ಚಿಯಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದೆ. ಮಾತು ನಡೆದದ್ದು ಇಂಗ್ಲಿಷಿನಲ್ಲಿ, ನಡುನಡುವೆ ಡಚ್ಚಿನಲ್ಲಿ. ನನಗೆ ನೆನಪಿರುವುದು ಮಾತ್ರ ಕನ್ನಡದಲ್ಲಿ. ಅಂದರೆ ಅಲ್ಲೇ ಏನೋ ತಿದ್ದುಪಡಿ ಆಗಿದೆ.

"ಮಾತು ಚೆನ್ನಾಗಿದೆ, ಲೆಕ್ಕ ಚೆನ್ನಾಗಿದೆ. ಕೈ ಮಾತ್ರ ಹಿಂದೆ ಇದೆ," ಅಂದರು ಯುಫ್. ಮಗಳ ಒಂದು ಹಾಳೆ ತೆಗೆದು ತೋರಿಸಿದರು. ಒಂದು ಬೆಕ್ಕು, ಅದರ ಮೇಲೆ ಬಿರುಗಾಳಿ ಹಾದುಹೋದಂತೆ ಕೆಂಪು ಗೀಚು. "ನೋಡಿ, ಮುಷ್ಟಿಯಲ್ಲಿ ಹಿಡೀತಾಳೆ. ಬಣ್ಣ ಭುಜದಿಂದ ಬರ್ತಿದೆ. ಆಮೇಲೆ ಮೊಣಕೈಗೆ ಇಳೀಬೇಕು, ಮಣಿಕಟ್ಟಿಗೆ ಇಳೀಬೇಕು, ಕೊನೆಗೆ ಬೆರಳಿಗೆ. ಬೆರಳಿಗೆ ಇಳಿಯೋ ತನಕ ಅಕ್ಷರ ಬರೆಸೋದು ಹಿಂಸೆ. ಅದಕ್ಕೇ ನಾವು ಇಷ್ಟು ಬಣ್ಣ ಹಾಕ್ಸೋದು."

ಆಮೇಲೆ ಕೇಳಿದರು: ಜಾಕೆಟ್ಟಿನ ಜಿಪ್ ಅವಳೇ ಹಾಕಿ ತೆಗೆಯುತ್ತಾಳಾ? ಹೌದು, ಅಂದೆ. ಗುಂಡಿ? ಹೌದು. ಊಟ ಅವಳೇ ಮಾಡುತ್ತಾಳಾ? ಹೌದು, ಹೌದು. ಮೂರೂ ಸುಳ್ಳು. ದಿನಾ ಬೆಳಿಗ್ಗೆ ಶಾಲೆಯ ಕಾರಿಡಾರಿನಲ್ಲಿ ಮಂಡಿಯೂರಿ ಅವಳ ಜಿಪ್ ಎಳೆಯುವವಳು ನಾನು. ಸಂಜೆ ಅನ್ನ ಸಾರು ಕಲಸಿ ತುತ್ತು ಮಾಡಿ ಬಾಯಿಗಿಡುವವಳೂ ನಾನೇ. ಅದು ನಮ್ಮಲ್ಲಿ ಪ್ರೀತಿ. ಆ ಕೋಣೆಯಲ್ಲಿ ಅದನ್ನು ಹೇಳಿದ್ದರೆ ರೋಗಲಕ್ಷಣದಂತೆ ಕೇಳಿಸುತ್ತಿತ್ತು.

ಹೊರಡುವಾಗ ಮೇಜಿನ ಮೇಲಿದ್ದ ಕ್ರೆಯಾನ್ ಡಬ್ಬಿ ಕಣ್ಣಿಗೆ ಬಿತ್ತು. ಎಲ್ಲವೂ ತುಂಡು ತುಂಡು, ಕಡಲೆಕಾಯಿಯಷ್ಟು ಗಾತ್ರದವು. ಅಯ್ಯೋ, ಇಂಥ ದೇಶದ ಶಾಲೆಗೆ ಇದೇನು ಗತಿ ಅನ್ನಿಸಿತು. ಮರುದಿನವೇ ದೊಡ್ಡ ಹೊಸ ಡಬ್ಬಿ ತಂದು ಯುಫ್ ಕೈಗೆ ಕೊಟ್ಟೆ. ಅವರು ತುಂಬಾ ಸಂತೋಷಪಟ್ಟರು. ಮಧ್ಯಾಹ್ನ ಮಗಳನ್ನು ಕರೆತರಲು ಹೋದಾಗ ಕಿಟಕಿಯಿಂದ ನೋಡಿದರೆ ಯುಫ್ ಒಂದೊಂದೇ ಹೊಸ ಕ್ರೆಯಾನ್ ತೆಗೆದು ಪಟ್, ಪಟ್ ಎಂದು ಮುರಿಯುತ್ತಿದ್ದಾರೆ. ನಾನು ದಂಗಾಗಿ ನಿಂತದ್ದನ್ನು ಕಂಡು ಬಾಗಿಲಿಗೆ ಬಂದರು. "ಉದ್ದ ಇದ್ರೆ ಮುಷ್ಟಿಯಲ್ಲಿ ಹಿಡೀತಾರೆ. ತುಂಡನ್ನ ಮೂರು ಬೆರಳ ತುದಿಯಲ್ಲಿ ಮಾತ್ರ ಹಿಡಿಯೋಕಾಗೋದು. ಬೇರೆ ದಾರೀನೇ ಇಲ್ಲ ಅವರಿಗೆ," ಅಂದು ಇನ್ನೊಂದನ್ನು ಮುರಿದರು. ಒಪ್ಪುವಂಥ ಮಾತೇ. ಆದರೂ ನನಗೆ ಮೈ ಉರಿಯಿತು.

ಅದೇ ದಿನ ಒಂದು ಲಕೋಟೆ ಕೊಟ್ಟರು. ಹನ್ನೆರಡು ಬಣ್ಣ ತುಂಬುವ ಹಾಳೆಗಳು, ವಾರಕ್ಕೆ ಎರಡರಂತೆ ಆರು ವಾರಕ್ಕೆ. ಜೊತೆಗೊಂದು ಚೀಟಿ: ದಿನಕ್ಕೆ ಹತ್ತು ನಿಮಿಷ ಸಾಕು. ಅವಳೇ ಮಾಡಲಿ. ಚೆಂದ ಇರಬೇಕಾಗಿಲ್ಲ. ಕೊನೆಯ ಸಾಲಿಗೆ ಎರಡು ಅಡಿಗೆರೆ. ಡಚ್ ಸರಿಯಾಗಿ ಬರುವುದಿಲ್ಲವೆಂದು ಫೋನಿನಲ್ಲಿ ಎರಡು ಸಲ ಅನುವಾದ ಮಾಡಿ ನೋಡಿದೆ. ಎರಡು ಸಲವೂ ಅದೇ ಬಂತು. ಶಾಲೆಗೆ ಕಳಿಸುವುದು ಚೆಂದ ಇರಬೇಕಾಗಿಲ್ಲ ಎನ್ನುವ ವಾಕ್ಯವನ್ನು ನನ್ನ ಜೀವನದಲ್ಲಿ ನಾನು ಓದಿರಲಿಲ್ಲ. ಓದಿಯೂ ನಂಬಲಿಲ್ಲ. ಇದು ಮರ್ಯಾದೆಗೆ ಬರೆದ ಮಾತು, ಒಳಗೊಳಗೇ ನಂಬರ್ ಹಾಕುತ್ತಾರೆ ಎಂದುಕೊಂಡೆ.

ಮೊದಲ ಹಾಳೆ ಬಸವನಹುಳು. ಅಡುಗೆಮನೆಯ ಮೇಜಿನಲ್ಲಿ ಮಗಳು ಹಸಿರು ತುಂಡು ಹಿಡಿದು ಎರಡು ನಿಮಿಷ ಗೀಚಿದಳು. ಹುಳುವಿನ ಮೈಗಿಂತ ಮೇಜಿಗೇ ಹೆಚ್ಚು ಬಣ್ಣ ಬಿತ್ತು.

"ಮುಗೀತು."

"ಎಲ್ಲಿ ಮುಗೀತು? ಇಲ್ನೋಡು, ಇಷ್ಟು ಬೆಳ್ಳಗೆ ಇದೆ."

"ಅಮ್ಮ, ಮೈ ಹ್ಯಾಂಡ್ ಈಸ್ ಮೂ." ಮೂ ಅಂದರೆ ಡಚ್ಚಿನಲ್ಲಿ ಸುಸ್ತು.

"ಬಾ, ನಾನು ಹೇಳ್ಕೊಡ್ತೀನಿ," ಅಂದೆ. ಅವಳ ಹಿಂದೆ ಕೂತು, ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ.

ಇದು ತಪ್ಪೆಂದು ನನಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಕಲಿಸುವುದೆಂದರೇ ಕೈ ಹಿಡಿಯುವುದು. ಮೂರನೆಯ ವಯಸ್ಸಿನಲ್ಲಿ ಅವಳಿಗೆ ಅಕ್ಷರಾಭ್ಯಾಸ ಮಾಡಿಸಿದಾಗ ಅವರಪ್ಪ ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯ ಅಕ್ಕಿಯಲ್ಲಿ ಅವಳ ಬೆರಳು ಹಿಡಿದು ಬರೆಸಿದ್ದ. ನನ್ನ ಅಮ್ಮ ನನಗೆ ಸ್ಲೇಟಿನಲ್ಲಿ ದೊಡ್ಡದಾಗಿ 'ಅ' ಬರೆದು, ಅದರ ಮೇಲೇ ನೂರು ಸಲ ತಿದ್ದಿಸಿದ್ದರು. ಬಳಪದ ಗೆರೆ ಬೆರಳಿನಷ್ಟು ದಪ್ಪವಾಗುವ ತನಕ. ಕೈ ಹಿಡಿದು ಕಲಿಸಿದರು ಎನ್ನುವುದು ನಮ್ಮಲ್ಲಿ ಗುರುಗಳಿಗೆ ಹೇಳುವ ಅತಿ ದೊಡ್ಡ ಕೃತಜ್ಞತೆ. ನಾನು ಮಾಡಿದ್ದೂ ಅದೇ. ಬಸವನಹುಳು ಗೆರೆ ದಾಟದೆ, ಚಿಪ್ಪಿನಲ್ಲಿ ಎರಡು ಬಗೆಯ ಹಸಿರಿನೊಂದಿಗೆ ಮುಗಿಯಿತು.

ಆದರೆ ಸಂಪ್ರದಾಯದ ಮೇಲೆ ಎಲ್ಲವನ್ನೂ ಹೊರಿಸುವುದು ಅತ್ತೆಯ ಮೇಲೆ ಹೊರಿಸಿದ ಹಾಗೇ. ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿತ್ತು. ದಿನವಿಡೀ ಪರದೆ ನೋಡಿ, ಬೇರೆಯವರ ತಪ್ಪು ಹುಡುಕಿ ಸಾಕಾದ ಮೇಲೆ, ಮೀನಿನ ಒಂದೊಂದು ಹುರುಪೆಗೂ ಒಂದೊಂದು ನೀಲಿ ತುಂಬುತ್ತ ಕೂರುವುದು. ಐದನೆಯ ಹಾಳೆಯ ಹೊತ್ತಿಗೆ ಅವಳ ಕೈ ನನ್ನ ಕೈಯೊಳಗೆ ಬರೀ ಒಂದು ಹಿಡಿಕೆಯಾಗಿತ್ತು. ಎಂಟನೆಯದರ ಹೊತ್ತಿಗೆ ಅವಳು ಕೈಯನ್ನು ನನಗೆ ಕೊಟ್ಟುಬಿಟ್ಟು, ತಾನು ಹಾಡು ಹೇಳಿಕೊಳ್ಳುತ್ತಿದ್ದಳು. ಹತ್ತು ನಿಮಿಷ ಅಂದಿದ್ದರಲ್ಲ. ನಾವು ಮುಕ್ಕಾಲು ಗಂಟೆ ಕೂರುತ್ತಿದ್ದೆವು. ಅದಕ್ಕೂ ಹೆಮ್ಮೆಪಟ್ಟಿದ್ದೇನೆ.

ಮಾರ್ಚ್ ಎರಡನೆಯ ವಾರ ಅತ್ತೆ ಬಂದರು. ಏಳನೆಯದೋ ಎಂಟನೆಯದೋ ಹಾಳೆ ನಡೆಯುತ್ತಿತ್ತು. ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವರು ಕೇಳಿದರು:

"ಏನೇ ಇದು, ನೀನು ಹಾಕ್ತಿದೀಯೋ, ಅವಳು ಹಾಕ್ತಿದಾಳೋ?"

"ಇಬ್ರೂ, ಅತ್ತೆ."

"ಅವಳು ಕಿಟಕಿ ನೋಡ್ತಿದಾಳೆ ಕಣಮ್ಮ. ಬಿಡು, ಮಗು ಏನಾದ್ರೂ ಮಾಡ್ಕೊಳ್ಲಿ."

"ನಿಮಗೆ ಇಲ್ಲಿಯ ಸ್ಕೂಲ್ ಗೊತ್ತಿಲ್ಲ ಅತ್ತೆ," ಅಂದೆ.

ಈ ಸಾಲನ್ನು ಬರೆಯಲು ನನಗೆ ಇಷ್ಟವಿರಲಿಲ್ಲ. ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತೆ ಸುಲಿಯುತ್ತಿದ್ದದ್ದು ಬೆಳ್ಳುಳ್ಳಿಯೋ ಬಟಾಣಿಯೋ ಎಂಬುದರಲ್ಲಿ ಅನುಮಾನವಿದೆ. ಈ ಮಾತಿನಲ್ಲಿ ಇಲ್ಲ.

ಏಪ್ರಿಲ್‌ನಲ್ಲಿ ಯುಫ್ ಮತ್ತೆ ಕರೆದರು. ನಾನು ಹೊಗಳಿಕೆಗೆ ಸಿದ್ಧಳಾಗಿ ಹೋದೆ. ಒಳ್ಳೆಯ ಕುರ್ತಾ ಹಾಕಿಕೊಂಡಿದ್ದೆ. ಅವರು ಹನ್ನೆರಡೂ ಹಾಳೆಗಳನ್ನು ಪುಟ್ಟ ಮೇಜಿನ ಮೇಲೆ ಹರಡಿದರು. ಹೊರಗಿನಿಂದ ನೋಡಿದವರು ಮಾರಾಟಕ್ಕಿಟ್ಟಿದ್ದಾರೆ ಅಂದುಕೊಳ್ಳಬೇಕು, ಹಾಗಿದ್ದವು. ಅವುಗಳ ನಡುವೆ ಹದಿಮೂರನೆಯದನ್ನು ಇಟ್ಟರು. ಆ ದಿನ ಬೆಳಿಗ್ಗೆ ತರಗತಿಯಲ್ಲಿ ಮಾಡಿದ್ದು, ಒಂದು ಬೂಟು. ಬೂಟಿನ ಒಳಗೆ ಒಂದೇ ಒಂದು ಚುಕ್ಕಿ. ಹಳದಿ.

"ನನಗೊಂದು ಅರ್ಥ ಆಗ್ತಿಲ್ಲ," ಅಂದರು. "ತುಂಡನ್ನ ಸರಿಯಾಗೇ ಹಿಡೀತಾಳೆ, ಮೂರು ಬೆರಳಲ್ಲಿ. ಮೊದಲು ಹಿಡೀತಿರ್ಲಿಲ್ಲ. ಹಾಳೆ ಮೇಲೆ ಕೈ ಇಡ್ತಾಳೆ. ಆಮೇಲೆ ಕಾಯ್ತಾಳೆ."

"ಏನಕ್ಕೆ?"

"ಅದನ್ನೇ ನಿಮ್ಮನ್ನ ಕೇಳೋಣ ಅಂತ ಕರೆದೆ. ಬೇರೆ ಮಕ್ಕಳೆಲ್ಲ ಮುಗಿಸಿ ಆಟಕ್ಕೆ ಹೋದ್ರೂ ಅವಳು ಹಾಗೇ ಕೂತಿರ್ತಾಳೆ. ಅಳೋದಿಲ್ಲ, ಹಟ ಮಾಡೋದಿಲ್ಲ. ಸುಮ್ನೆ ಕೈ ಇಟ್ಕೊಂಡು ಕಾಯ್ತಾಳೆ."

ನನ್ನ ಬಲಗೈಯನ್ನು ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ. ಆಗ ಬಾಯಿಂದ ಬಂದದ್ದು ಇದು: "ನಮ್ಮ ಅತ್ತೆ ಬಂದಿದಾರೆ. ಸ್ವಲ್ಪ ಹೆಲ್ಪ್ ಮಾಡಿರಬೇಕು."

ಯುಫ್ ಮುಖ ಮೃದುವಾಯಿತು. ಅಜ್ಜಿಗೆ ಮೊಮ್ಮಗಳ ಮೇಲೆ ಪ್ರೀತಿ, ಪಾಪ, ಅಂದರು. ಆಮೇಲೆ, ಇದೇ ಗತಿಯಾದರೆ ಗ್ರೂಪ್ ಟೂನಲ್ಲಿ ಇನ್ನೊಂದು ವರ್ಷ ಇರಿಸುವುದು ಮಗುವಿಗೆ ಒಳ್ಳೆಯದು, ಜೂನ್‌ನಲ್ಲಿ ನಿರ್ಧರಿಸೋಣ ಅಂದರು. ಹತ್ತು ನಿಮಿಷ ಆಗಿತ್ತು.

ಎರಡು ದಿನ ಬಿಟ್ಟು ಅತ್ತೆ ಮಗಳನ್ನು ಕರೆತರಲು ಶಾಲೆಗೆ ಹೋಗಿದ್ದರು. ಬಂದವರು ಕೋಟು ಬಿಚ್ಚದೆ ಸೋಫಾದಲ್ಲಿ ಕೂತರು.

"ನಿಮ್ಮ ಟೀಚರ್ ಗೇಟಲ್ಲಿ ನನ್ನ ಕೈ ಹಿಡ್ಕೊಂಡು, ಬಿಟ್ಟು, ಮತ್ತೆ ಹಿಡ್ಕೊಂಡು, ಬಿಟ್ಟು, ನಗ್ತಾ ಏನೋ ಹೇಳಿದ್ರು ಕಣೇ. ನಾನೂ ನಕ್ಕೆ. ಏನಂತೆ?"

ಮಗಳು ಶೂ ಬಿಚ್ಚಿಸಿಕೊಳ್ಳಲು ಕಾಲು ಚಾಚಿ ಕೂತಿದ್ದಳು. "ಅಜ್ಜಿ, ಯುಫ್ ಸೇಸ್ ಯು ಡಿಡ್ ಮೈ ಕಲರಿಂಗ್," ಅಂದಳು. ಆಮೇಲೆ ಕನ್ನಡದಲ್ಲಿ, ನನ್ನ ಕಡೆ ನೋಡುತ್ತ: "ಆದ್ರೆ ಅಜ್ಜಿ ಮಾಡ್ಲಿಲ್ಲ."

ಅತ್ತೆಗೆ ಅರ್ಥವಾಗಲು ಎಷ್ಟು ಹೊತ್ತು ಬೇಕು! ಮೂವತ್ತು ವರ್ಷ ಕೂಡುಕುಟುಂಬದಲ್ಲಿ ಸೊಸೆಯಾಗಿದ್ದವರು. "ಸರಿ ಬಿಡು, ನನ್ನ ತಲೆ ಮೇಲೆ ಹಾಕು," ಅಂದರು. "ನಾನು ಹೇಗೂ ಜೂನಲ್ಲಿ ಊರಿಗೆ ಹೋಗೋಳು. ನನಗೇನು, ಆ ಟೀಚರ್ ನನ್ನ ಸೊಸೆಯೇ, ಅತ್ತೆಯೇ? ಆದ್ರೆ ಈ ಮಗು ಎಲ್ಲಾ ಕೇಳಿಸ್ಕೊಂಡು ಕೂತಿದೆಯಲ್ಲ, ಅದಕ್ಕೇನು ಹೇಳ್ತೀಯೋ ಹೇಳ್ಕೋ." ಎದ್ದು ಕೋಟು ಬಿಚ್ಚಲು ಹೋದರು. ಆ ದಿನದಿಂದ ಬಣ್ಣದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮೇ ತಿಂಗಳಿಡೀ ನಾನು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ. ಇದು ಉತ್ಪ್ರೇಕ್ಷೆಯಲ್ಲ, ಹಾಗಲ್ಲದೆ ಸಾಧ್ಯವಾಗುತ್ತಿರಲಿಲ್ಲ. ಯುಫ್ ಹೇಳಿದಂತೆ ಹಾಳೆಯನ್ನು ಗೋಡೆಗೆ ಅಂಟಿಸಿದೆ. ನಿಂತು ಬಣ್ಣ ಹಾಕಿದರೆ ಮಣಿಕಟ್ಟು ಬಲವಾಗುತ್ತದಂತೆ. ಮಗಳು ತುಂಡು ಹಿಡಿದು ಗೋಡೆಗೆ ಕೈಯೂರಿ ನಿಂತು, ತಿರುಗಿ ನನ್ನನ್ನು ನೋಡಿದಳು.

"ಅಮ್ಮ, ಹ್ಯಾಂಡ್."

"ಇಲ್ಲ. ನೀನೇ."

"ಹ್ಯಾಂಡ್ ಕೊಡು!"

"ಕೊಡಲ್ಲ."

ತುಂಡು ನನ್ನ ಹಣೆಗೆ ಬಂದು ಬಡಿಯಿತು. ಗುರಿ ಇಟ್ಟು ಎಸೆಯುವುದಕ್ಕೆ ಮಾತ್ರ ಕೈ ಸರಿಯಾಗಿಯೇ ಇತ್ತು. ನಾನೂ ಕೂಗಿದೆ. ಅವಳೂ ಕೂಗಿದಳು, ಡಚ್ಚಿನಲ್ಲಿ. ನನಗೆ ಬಾರದ ಪದಗಳು. ಮಗು ಬಣ್ಣ ಹಾಕುವುದನ್ನು ಸುಮ್ಮನೆ ನೋಡುತ್ತ ಕೂರುವುದು ಎಷ್ಟು ಬೇಸರದ ಕೆಲಸವೆಂದು ಯಾರೂ ಹೇಳುವುದಿಲ್ಲ. ಗೆರೆ ದಾಟುತ್ತಾಳೆ, ಮೂಲೆ ಬಿಡುತ್ತಾಳೆ, ಹಸುವಿಗೆ ನೇರಳೆ ಹಾಕುತ್ತಾಳೆ, ಅರ್ಧಕ್ಕೆ ನಿಲ್ಲಿಸಿ ಮೂಗು ಕೆರೆದುಕೊಳ್ಳುತ್ತಾಳೆ. ನನ್ನ ಬೆರಳುಗಳು ತೊಡೆಯ ಕೆಳಗೆ ಜೋಮು ಹಿಡಿಯುತ್ತವೆ. ಬೆಳಿಗ್ಗೆ ಕಾರಿಡಾರಿನಲ್ಲಿ ಜಿಪ್ಪಿಗೆ ಏಳು ನಿಮಿಷ. ಬೇರೆ ಅಪ್ಪ ಅಮ್ಮಂದಿರು ನಮ್ಮನ್ನು ದಾಟಿಕೊಂಡು ಹೋಗುತ್ತಾರೆ, ನನ್ನ ಆಫೀಸಿನ ಮೀಟಿಂಗ್ ನನ್ನನ್ನು ಬಿಟ್ಟು ಶುರುವಾಗುತ್ತದೆ. ಸಂಜೆ ಅನ್ನ ತಟ್ಟೆಯ ಸುತ್ತ. ತಿಂಗಳ ಕೊನೆಗೆ ಅವಳು ಕೈಗಾಗಿ ಕಾಯುವುದನ್ನು ಬಿಟ್ಟಳು. ಬಣ್ಣ ಭುಜದಿಂದ ಮೊಣಕೈಗೆ ಇಳಿದಿತ್ತು, ಅಷ್ಟೇ. ಬೆರಳು ಇನ್ನೂ ದೂರವಿತ್ತು.

ಈ ನಡುವೆ ಕನ್ನಡದವರ ಒಂದು ಊಟದಲ್ಲಿ ವಿಷಯ ಹೊರಬಿತ್ತು. "ಫೇಲಾ? ಗ್ರೂಪ್ ಟೂನಲ್ಲೂ ಫೇಲ್ ಮಾಡ್ತಾರಾ?" ಎಂದು ಒಬ್ಬರು ಕಾಳಜಿಯಿಂದ ಕೇಳಿದರು. ಗಂಡ ಅಲ್ಲಿ ನಕ್ಕ. ಕಾರಿನಲ್ಲಿ ನಗಲಿಲ್ಲ.

"ಒಂದು ವರ್ಷ ವೇಸ್ಟ್ ಮಾಡ್ಸೋಕಾಗಲ್ಲ ಕಣೇ. ಪೇರೆಂಟ್ಸ್ ಸ್ಟ್ರಾಂಗಾಗಿ ಹೇಳಿದ್ರೆ ಮುಂದಕ್ಕೆ ಹಾಕ್ತಾರಂತೆ. ನಾನು ಬರ್ತೀನಿ ಈ ಸಲ. ನೀನು ಸುಮ್ನಿರು, ನಾನು ಮಾತಾಡ್ತೀನಿ."

ಅವನಿಗೂ ನಾನು ಹೇಳಿದ್ದು ಅತ್ತೆ ಮಾಡಿದರೆಂಬ ಕಥೆಯನ್ನೇ. ಅವರಮ್ಮ ಅದನ್ನು ಅಲ್ಲಗಳೆಯದೆ, ಜೂನ್ ಮೊದಲ ವಾರ ವಿಮಾನ ಹತ್ತಿ ಹೋಗಿಯೂ ಆಗಿತ್ತು.

ಜೂನ್‌ನ ಮಾತುಕತೆಗೆ ಅವನು ಫೈಲಿನೊಂದಿಗೆ ಬಂದ. ಏಪ್ರಿಲ್‌ನಲ್ಲಿ ಯುಫ್ ಹಿಂದಿರುಗಿಸಿದ್ದ ಬಸವನಹುಳು, ಮೀನು, ಎಲ್ಲವನ್ನೂ ಮೇಜಿನ ಮೇಲೆ ಒಂದೊಂದಾಗಿ ಇಟ್ಟ. ಆಫೀಸಿನಲ್ಲಿ ಪ್ರೆಸೆಂಟೇಶನ್ ಮಾಡುವ ದನಿಯಲ್ಲಿ ಹೇಳಿದ: "ಅಜ್ಜಿ ಸ್ವಲ್ಪ ಹೆಲ್ಪ್ ಮಾಡಿರಬಹುದು. ಆದರೆ ಪೂರ್ತಿ ಅಜ್ಜಿಯೇ ಮಾಡೋಕೆ ಆಗಲ್ಲ. ಇದರಲ್ಲಿ ಅರ್ಧ ಅವಳದ್ದು ಅಂತಿಟ್ಕೊಂಡ್ರೂ, ಗ್ರೂಪ್ ತ್ರೀಗೆ ಈ ಅರ್ಧ ಸಾಕಲ್ಲ?"

ಯುಫ್ ಹಾಳೆಗಳನ್ನು ನೋಡಿದರು, ತಮ್ಮ ಟಿಪ್ಪಣಿಗಳನ್ನು ನೋಡಿದರು. ಮೇ ತಿಂಗಳಲ್ಲಿ ಸ್ವಲ್ಪ ಸುಧಾರಿಸಿರುವುದು ನಿಜ ಅಂದರು. ಆಮೇಲೆ, "ಇಬ್ಬರ ಅಭಿಪ್ರಾಯವೂ ಇದೇ ಆದರೆ, ಪ್ರಯತ್ನ ಮಾಡಿ ನೋಡಬಹುದು," ಅಂದರು. ಇಬ್ಬರ ಅಭಿಪ್ರಾಯ. ಅಂದರೆ ನಾನು ತಲೆಯಾಡಿಸಿದರೆ ಸಾಕು. ಮಗಳು ಗೆಳತಿಯ ಪಕ್ಕ ಕೂರುತ್ತಾಳೆ, ದಿನಾ ಉದ್ದ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ತನ್ನದಲ್ಲದ ಹನ್ನೆರಡು ಹಾಳೆಗಳ ಬಲದ ಮೇಲೆ.

ನೆನಪಿನಲ್ಲಿ ನಾನು ಆಗ ಎದ್ದು ನಿಂತು ಸ್ಪಷ್ಟವಾಗಿ ಹೇಳುತ್ತೇನೆ. ಹಾಗೇನೂ ಆಗಲಿಲ್ಲ. ಆ ಪುಟ್ಟ ಕುರ್ಚಿಯಿಂದ ಏಳುವುದೇ ಕಷ್ಟ. ಗಂಡ ಫೈಲು ಮುಚ್ಚುತ್ತಿದ್ದ, ಮುಂದಿನ ಅಮ್ಮ ಬಾಗಿಲು ತಟ್ಟಿಯಾಗಿತ್ತು. ಆಗ ನಾನು ಮೇಜಿಗೆ ಹೇಳುವಂತೆ ಹೇಳಿದೆ: "ಅರ್ಧವೂ ಅವಳದ್ದಲ್ಲ. ಎಲ್ಲಾ ನಾನೇ ಹಾಕಿದ್ದು. ಅತ್ತೆ ಬೇಡ ಅಂದಿದ್ರು."

ಗಂಡ ನನ್ನನ್ನು ನೋಡಿದ. ಯುಫ್ ಬಾಗಿಲಿನವರಿಗೆ ಎರಡು ನಿಮಿಷ ಎಂದು ಬೆರಳು ತೋರಿಸಿದರು. ಅವರು ಗಡಿಯಾರ ಮೀರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಹಾಗಾದರೆ ಅವಳು ನಿಜವಾಗಿ ಶುರು ಮಾಡಿದ್ದು ಮೇ ತಿಂಗಳಲ್ಲಿ," ಅಂದರು. ಸಿಟ್ಟಿರಲಿಲ್ಲ; ಬರೆದುಕೊಂಡರು. "ಒಂದು ತಿಂಗಳಿಗೆ ಇಷ್ಟು ಬಂದಿದೆ ಅಂದ್ರೆ ಕಡಿಮೆಯಲ್ಲ. ಇನ್ನೊಂದು ವರ್ಷ ಕೊಡಿ ಅವಳಿಗೆ."

ನಾನು ಹೂಂ ಅಂದೆ. ಗಂಡ ಫೈಲು ತೆಗೆದುಕೊಂಡು ಎದ್ದ. ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಬೀಗ ತೆಗೆಯುತ್ತ, "ನನಗಾದ್ರೂ ಹೇಳ್ಬಹುದಿತ್ತು. ಅಮ್ಮನಿಗೆ ಫೋನ್ ಮಾಡಿ ನಾನು ಎಷ್ಟು ಬೈದೆ ಗೊತ್ತಾ?" ಅಂದ. ಗೊತ್ತಿರಲಿಲ್ಲ. ಅತ್ತೆ ಅದನ್ನೂ ಹೇಳಿರಲಿಲ್ಲ.

ಮಗಳಿಗೆ ಹೇಳಿದ್ದು ಆ ಶುಕ್ರವಾರ, ಶಾಲೆ ಬಿಟ್ಟ ಮೇಲೆ, ಆಟದಂಗಳದ ಬೆಂಚಿನಲ್ಲಿ. ಗೆಳತಿ ಅಂಗಳದ ಇನ್ನೊಂದು ತುದಿಯಲ್ಲಿ ತನ್ನ ಅಮ್ಮನಿಗಾಗಿ ಕಾಯುತ್ತಿದ್ದಳು. ಹೊಸ ಮಕ್ಕಳು ಬರುತ್ತಾರೆ, ನೀನೇ ಎಲ್ಲರಿಗಿಂತ ದೊಡ್ಡವಳು, ಇತ್ಯಾದಿ ಸಿದ್ಧಮಾಡಿಕೊಂಡದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕಲರಿಂಗ್ ಇಂದಾನಾ?"

"ಹೌದು."

"ಆದ್ರೆ ಅದು ನೀನು ಮಾಡಿದ್ದು."

"ಹೌದು. ತಪ್ಪು ಮಾಡಿದೆ."

"ಹಾಗಾದ್ರೆ ನೀನು ಉಳ್ಕೋ ಗ್ರೂಪ್ ಟೂನಲ್ಲಿ."

ಅವಳು ಅತ್ತಳು. ಮುಟ್ಟಲು ಹೋದರೆ ಕೈ ತಳ್ಳಿದಳು. ಸ್ವಲ್ಪ ಹೊತ್ತಾದ ಮೇಲೆ ತೋಳಿನಿಂದ ಮೂಗು ಒರೆಸಿಕೊಂಡು, ಗೆಳತಿಯ ಕಡೆ ಗಲ್ಲ ತೋರಿಸಿದಳು. "ಅವಳಿಗೆ ನೀನೇ ಹೇಳು. ನಾನು ಹೇಳಲ್ಲ."

ಹೋದೆ. ಆರು ವರ್ಷದ ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಭಾಷಾ ತರಗತಿಯಲ್ಲಿ ಕಲಿತ ನನ್ನ ಹರಕು ಡಚ್ಚಿನಲ್ಲಿ, ಇವಳು ಗ್ರೂಪ್ ತ್ರೀಗೆ ಬರುವುದಿಲ್ಲ, ಅದು ನನ್ನ ತಪ್ಪು, ಅವಳ ಬಣ್ಣವನ್ನು ನಾನು ಹಾಕಿದೆ ಎಂದು ಹೇಳಿದೆ. ಅವಳು ಗಂಭೀರವಾಗಿ ಕೇಳಿದಳು. ಎಲ್ಲ ಬಣ್ಣಾನೂ? ಎಲ್ಲಾ, ಅಂದೆ. ಯಾಕೆ? ಗೊತ್ತಿಲ್ಲ, ಅಂದೆ. ಬುಧವಾರ ಮಧ್ಯಾಹ್ನ ಆಟಕ್ಕೆ ಬರಬಹುದಾ ಅವಳು? ಬರಬಹುದು. ಸರಿ, ಅಂದು ಅವಳು ತನ್ನ ಅಮ್ಮನ ಕಡೆ ಓಡಿದಳು.

ಬೆಂಚಿನ ಹತ್ತಿರ ಮಗಳು ನಿಂತೇ ಇದ್ದಳು.

"ಏನಂದೆ?"

"ನಾನು ಮಾಡಿದ್ದು ಅಂದೆ."

"ಅಜ್ಜಿ ಅಂತ ಅನ್ಲಿಲ್ಲ ತಾನೇ?"

"ಇಲ್ಲ."

"ಅವಳೇನಂದ್ಳು?"

"ಬುಧವಾರ ಆಟಕ್ಕೆ ಬಾ ಅಂದ್ಳು."

ಅವಳು ಒಂದೊಂದೇ ಬೆರಳು ಮಡಿಸಿ ಎಣಿಸಿದಳು. ಎಣಿಸಿ, ಇನ್ನೂ ಐದು ದಿನ ಇದೆಯೆಂದು ನನ್ನ ಮೇಲೇ ರೇಗಿದಳು.